ಬಿಳಿಯ ಮೈಯ ಕರಿಯ ಮುಂದಾಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕಪ್ಪು ಜನರ ಹಕ್ಕುಬಾಧ್ಯತೆಗಳಿಗಾಗಿ 37 ವರ್ಷಗಳ ಕಾಲ ದುಡಿದು, 1955ನೆಯ ಇಸವಿ ಮಾರ್ಚಿ 21ರಂದು ನ್ಯೂಯಾರ್ಕ್ ನಗರದಲ್ಲಿ ದಿವಂಗತರಾದ ವಾಲ್ಟರ್ ಫ್ರಾನ್ಸಿಸ್ ವೈಟ್ ಅವರ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಆದರೆ ಅವರ ಭಾವಚಿತ್ರವನ್ನು ಮೊದಲ ಬಾರಿಗೆ ನೋಡಿದವರು ಅಚ್ಚಿನ ಮನೆಯವರು ಯಾರದೋ ಚಿತ್ರದ ಕೆಳಗೆ ಯಾರದೋ ಹೆಸರನ್ನು ಸೇರಿಸಿದ್ದಾರೆಂದು ತಿಳಿದರೆ ಆಶ್ಚರ್ಯವಿಲ್ಲ. ನೀಲಿಯ ಕಣ್ಣು, ಹೊಂಬಣ್ಣದ ಕೂದಲು, ಯಾವ ಇಂಗ್ಲಿಷ್ ಗೃಹಸ್ಥನಿಗೂ ಕಡಮೆಯಿಲ್ಲದ ಬಿಳಿಯ ಮೈ. ವೈಟ್ ಎಂಬ ಮನೆತನದ ಹೆಸರಿಗೂ ಬಿಳುಪೆಂದೇ ಅರ್ಥ. ಇಂತಹವರು ತಮ್ಮನ್ನು ನೀಗ್ರೋ ಎಂದು ಕರೆದುಕೊಂಡರು. ಆ ಕಾಲದಲ್ಲಿ ಆ ಜನರು ತಮಗೆ ತಾವೇ ಇಟ್ಟುಕೊಂಡಿದ್ದ ಹೆಸರು ಅದು. ಹಾಗೆ ಕರೆದುಕೊಳ್ಳಲೇಬೇಕೆಂಬ ಬಲಾತ್ಕಾರ ಅವರ ಮೇಲೆ ಇರಲಿಲ್ಲವೆಂಬುದೇ ಈ ಚರಿತ್ರೆಯ ವಿಶೇಷ.

ಅವರ ವಂಶವೃಕ್ಷದಲ್ಲಿ ಐದು ತಲೆಮಾರು ಮೇಲೆ ಹೋದರೆ ಸಿಕ್ಕುವ 32 ಮಂದಿ ಪೂರ್ವಿಕರಲ್ಲಿ ಕರಿಯರು 5 ಮಂದಿ, ಮಿಕ್ಕ 27 ಮಂದಿಯೂ ಬಿಳಿಯರು. ತಾಯಿಯ ಕಡೆಯ ಅಜ್ಜಿಯು ದಿಲ್ಸಿಯಾ ಎಂಬ ಗುಲಾಮ ಹೆಂಗಸಿನ ಮಗಳು. ಆಕೆಯ ತಂದೆ, ಮುಂದೆ ಆ ದೇಶದ 9ನೆಯ ಅಧ್ಯಕ್ಷನಾದ ವಿಲಿಯಂ ಹೆನ್ರಿ ಹ್ಯಾರಿಸನ್ ಎಂದು ಮನೆಯಲ್ಲಿ ಹೇಳಿಕೊಂಡು ಬಂದ ಮಾತು. ಇದು ಮನೆಯ ಐತಿಹ್ಯವೇ ಹೊರತು ದಾಖಲೆಯಿಂದ ಸಿದ್ಧವಾದುದಲ್ಲ. ಯಜಮಾನನು ತನ್ನ ಗುಲಾಮಳಲ್ಲಿ ಪಡೆದ ಮಕ್ಕಳನ್ನು ಮಕ್ಕಳೆಂದು ಒಪ್ಪದೆ ಸ್ವತ್ತಿನ ಪಟ್ಟಿಯಲ್ಲಿ ಬರೆಯಿಸುತ್ತಿದ್ದ ಕಾಲ ಅದು. ದಾಖಲೆ ಎಲ್ಲಿಂದ ಬರಬೇಕು?

ಇಂತಹ ಮನೆತನದವರು ಬಿಳಿಯರೇ ಅಲ್ಲವೇ ಎಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಆ ದೇಶದ ದಕ್ಷಿಣ ಸಂಸ್ಥಾನಗಳ ಕಟ್ಟಲೆ ಬೇರೆಯಾಗಿದ್ದಿತು. ಒಂದು ತೊಟ್ಟು ಕರಿಯ ರಕ್ತವಿದ್ದರೂ ಮನುಷ್ಯನು ಕರಿಯನೇ ಎನಿಸಿಕೊಳ್ಳುತ್ತಿದ್ದನು. ನೂರು ತೊಟ್ಟು ಬಿಳಿಯ ರಕ್ತವು ಆ ಒಂದನ್ನು ತೊಳೆಯಲಾರದಾಗಿದ್ದಿತು. ಲೂಯಿಸಿಯಾನಾ ಸಂಸ್ಥಾನದ ಹೋಮರ್ ಪ್ಲೆಸ್ಸಿ ಎಂಬಾತನು ಎಂಟರಲ್ಲಿ ಏಳು ಪಾಲು ಬಿಳಿಯನಾಗಿದ್ದು, ಬಿಳಿಯರ ರೈಲುಗಾಡಿಯಲ್ಲಿ ಕುಳಿತದ್ದಕ್ಕಾಗಿ 1892ರಲ್ಲಿ ದಸ್ತಗಿರಿಯಾದನು. 1896ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಪ್ರತ್ಯೇಕ ಗಾಡಿ ಸರಿಯೆಂದು ತೀರ್ಪಿತ್ತಿತು. ಆಗ ವಾಲ್ಟರ್ ಇನ್ನೂ 3 ವರ್ಷ ತುಂಬದ ಮಗು.

ಅವರು ಹುಟ್ಟಿದ್ದು 1893ನೆಯ ಜುಲೈ 1ರಂದು, ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾ ಪಟ್ಟಣದಲ್ಲಿ. ತಂದೆ ಜಾರ್ಜ್ ವೈಟ್ ಅಂಚೆಯ ಜವಾನರು. ತಾಯಿ ಮ್ಯಾಡಲೀನ್ ಉಪಾಧ್ಯಾಯಿನಿಯಾಗಿದ್ದವರು. ಏಳು ಮಂದಿ ಮಕ್ಕಳು. ಚೊಕ್ಕಟವಾದ ಮನೆ, ನಿಯಮದ ಪ್ರಾರ್ಥನೆ, ಓದು. ಮನೆಯವರೆಲ್ಲರೂ ಬಿಳಿಯ ಬಣ್ಣದವರು. ಟ್ರಾಮಿನಲ್ಲಿ ಹಿಂದೆ ಕರಿಯರ ಜಾಗದಲ್ಲಿ ಕುಳಿತರೆ ಬಿಳಿಯರು ಕೆಕ್ಕರಿಸಿ ನೋಡುವರು. ಮುಂದೆ ಕುಳಿತು, ಗುರುತಿದ್ದವನೊಬ್ಬನು ಬಾಯಿಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಎರಡು ಕಡೆಯೂ ನೆಲೆಯಿಲ್ಲದ ಈ ಪಾಡನ್ನು ಆ ಮಕ್ಕಳು ಬಾಲ್ಯದಲ್ಲಿಯೇ ಕಂಡುಕೊಂಡರು.

1906ರ ಸೆಪ್ಟೆಂಬರು 22ರ ಶನಿವಾರ ಆ ಪಟ್ಟಣದಲ್ಲಿ ದೊಂಬಿ ಎದ್ದಿತು. ಬಿಳಿಯ ಸ್ತ್ರೀಯರ ಮೇಲೆ ಕರಿಯರು ಕೈಮಾಡಿದರೆಂಬ ಗಾಳಿಸುದ್ದಿಗಳನ್ನು ಅಲ್ಲಿಯ ಸಾಯಂಕಾಲದ ಪತ್ರಿಕೆಗಳು ವಿಶೇಷ ಸಂಚಿಕೆಯ ಮೇಲೆ ವಿಶೇಷ ಸಂಚಿಕೆಯಾಗಿ ಅಚ್ಚುಹಾಕಿ ಬೀದಿಗೆ ಬಿಟ್ಟವು. ಪತ್ರಿಕಾವ್ಯವಸಾಯದಲ್ಲಿರುವ ನಾವು ಈ ಸಂಗತಿಯನ್ನು ತಲೆತಗ್ಗಿಸಿಯೇ ಬರೆಯಬೇಕಾಗಿದೆ. ನಾಲ್ಕು ಕಾಸಿನ ಮಾರಾಟಕ್ಕೋಸ್ಕರ ಹೊತ್ತಿಸಿದ ಬೆಂಕಿಯಲ್ಲಿ ಹತ್ತಾರು ಮಂದಿ ನಿರಪರಾಧಿಗಳು ಸತ್ತರು. 13 ವರ್ಷದ ವಾಲ್ಟರ್ ಆ ಸಂಜೆ ತಂದೆಯೊಡನೆ ಅಂಚೆಯ ಗಾಡಿಯಲ್ಲಿದ್ದನು. ಕ್ಷೌರದಂಗಡಿಯಲ್ಲಿ ಬೂಟು ಒರೆಸುತ್ತಿದ್ದ ಕುಂಟ ಹುಡುಗನೊಬ್ಬನನ್ನು ಗುಂಪು ಅಟ್ಟಿಸಿಕೊಂಡು ಹೋಗಿ ಬಡಿದು ಕೊಂದುದನ್ನು ತಂದೆ ಮಗ ಇಬ್ಬರೂ ಕಣ್ಣಾರೆ ಕಂಡರು. ಅವರ ಗಾಡಿಯನ್ನು ಯಾರೂ ತಡೆಯಲಿಲ್ಲ. ಬಿಳಿಯರೆಂದು ತಿಳಿದು ಬಿಟ್ಟುಬಿಟ್ಟರು.

ಮರುದಿನ ರಾತ್ರಿ ಗುಂಪು ಅವರ ಬೀದಿಗೇ ಬಂದಿತು. ಪಂಜುಗಳ ಬೆಳಕಿನಲ್ಲಿ ಒಬ್ಬನು, ಇದು ಕರಿಯ ಅಂಚೆಯವನ ಮನೆ, ಕರಿಯನಿಗೆ ಇಷ್ಟು ಚೆಂದದ ಮನೆ ತಗದು, ಸುಟ್ಟುಬಿಡಿ ಎಂದು ಕೂಗಿದನಂತೆ. ಆ ಕಂಠ ಅವರು ಬಹುಕಾಲದಿಂದ ವರ್ತನೆ ಇಟ್ಟುಕೊಂಡಿದ್ದ ದಿನಸಿ ಅಂಗಡಿಯವನ ಮಗನದೆಂದು ಮನೆಯವರು ಗುರುತಿಸಿದರು. ತಂದೆಯು ಮಗನ ಕೈಗೂ ಬಂದೂಕು ಕೊಟ್ಟು, ಮೊದಲನೆಯವನು ಅಂಗಳದ ಹುಲ್ಲಿನ ಮೇಲೆ ಕಾಲಿಡುವವರೆಗೆ ಹಾರಿಸಬೇಡ, ಇಟ್ಟರೆ ಗುರಿ ತಪ್ಪಬೇಡ ಎಂದರೆಂದು ವೈಟ್ ಅವರೇ ಬರೆದಿದ್ದಾರೆ. ಈ ಬಂದೂಕಿನ ಮಾತನ್ನು ಮುಂದಿನ ಚರಿತ್ರಕಾರರು ಕೆಲವರು ಶಂಕಿಸಿರುವುದುಂಟು. ಅಷ್ಟರಲ್ಲಿ ಪಕ್ಕದ ಕಟ್ಟಡದಿಂದ ನೆರೆಯವರು ಗುಂಡು ಹಾರಿಸಿದ್ದರಿಂದ ಗುಂಪು ಚದುರಿತು. ಬಂದೂಕು ಇದ್ದಿತೋ ಇಲ್ಲವೋ, ಹುಡುಗನ ಮನಸ್ಸಿನಲ್ಲಿ ಆ ರಾತ್ರಿ ನಿಶ್ಚಯವಾದುದರಲ್ಲಿ ಶಂಕೆಯಿಲ್ಲ: ತಾನು ಯಾರೆಂಬುದು ಅವನಿಗೆ ತಿಳಿಯಿತು. ಕೊಲ್ಲಬಂದವರ ಬಣ್ಣ ತನ್ನ ಬಣ್ಣವೇ ಆಗಿದ್ದರೂ ಅವರ ಗುಂಪಿಗೆ ಸೇರಿದವನು ತಾನಲ್ಲವೆಂಬುದಕ್ಕೆ ಅವನು ಸಂತೋಷಪಟ್ಟನು.

ಈ ಸಂತೋಷವು ಸಾಮಾನ್ಯವಾದುದಲ್ಲ. ಅವರಷ್ಟೇ ಬೆಳ್ಳಗಿದ್ದವರು ಎಷ್ಟೋ ಮಂದಿ ಊರು ಬಿಟ್ಟು, ಉತ್ತರದ ದೊಡ್ಡ ಪಟ್ಟಣವನ್ನು ಸೇರಿ, ಹಳೆಯ ನಂಟನ್ನು ಕಡಿದುಕೊಂಡು ಬಿಳಿಯರಲ್ಲಿ ಬಿಳಿಯರಾಗಿ ಕರಗಿಹೋಗುತ್ತಿದ್ದರು. ಹಾಗೆ ದಾಟಿಹೋದವರು ತಾಯಿ ಸತ್ತರೂ ಮಣ್ಣಿಗೆ ಬರುವಂತಿರಲಿಲ್ಲ; ಬೀದಿಯಲ್ಲಿ ಒಡಹುಟ್ಟಿದವಳು ಎದುರಾದರೆ ಗುರುತಿಲ್ಲದವರಂತೆ ಹೋಗಬೇಕಾಗಿದ್ದಿತು. ನಾವು ಅವರನ್ನು ಹೀನೈಸುವುದಿಲ್ಲ. ಮಕ್ಕಳಿಗೆ ಒಳ್ಳೆಯ ಶಾಲೆ, ತನಗೆ ಮರ್ಯಾದೆಯ ಕೆಲಸ, ರಾತ್ರಿ ಭಯವಿಲ್ಲದ ನಿದ್ದೆ, ಇವಿಷ್ಟನ್ನು ಬಯಸಿದವರನ್ನು ತಪ್ಪಿತಸ್ಥರೆನ್ನುವುದಾದರೆ, ಇವನ್ನು ಒಂದೇ ಬಣ್ಣಕ್ಕೆ ಮೀಸಲಿಟ್ಟವರನ್ನು ಏನೆನ್ನಬೇಕು? ವೈಟ್ ಅವರು 1926ರಲ್ಲಿ ಪ್ರಕಟಿಸಿದ ಎರಡನೆಯ ಕಾದಂಬರಿಯು ಹೀಗೆ ದಾಟಿಹೋದ ಹೆಂಗಸೊಬ್ಬಳ ಕಥೆಯೇ. ಅದರಲ್ಲಿ ಅವರು ಆಕೆಯನ್ನು ಬೈದಿಲ್ಲ.

ಅಟ್ಲಾಂಟಾ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿ ಪದವಿ ಪಡೆದು ಅವರು ವಿಮಾ ಕಂಪೆನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಆ ಸಮಯದಲ್ಲಿ ಪಟ್ಟಣದ ವಿದ್ಯಾಮಂಡಲಿಯವರು ಬಿಳಿಯ ಮಕ್ಕಳಿಗೆ ಹೊಸ ಹೈಸ್ಕೂಲು ಕಟ್ಟಲು ಹಣ ಸಾಲದೆಂದು ಕರಿಯ ಮಕ್ಕಳ ಶಾಲೆಗಳಲ್ಲಿ ಏಳನೆಯ ತರಗತಿಯನ್ನೇ ತೆಗೆದುಹಾಕಲು ಹೊರಟರು. ಇದನ್ನು ಎದುರಿಸಲು 1909ರಲ್ಲಿ ಸ್ಥಾಪಿತವಾಗಿದ್ದ ವರ್ಣೀಯರ ಪ್ರಗತಿಯ ರಾಷ್ಟ್ರೀಯ ಸಂಘದ ಶಾಖೆಯೊಂದು ಊರಿನಲ್ಲಿ ಹುಟ್ಟಿತು. ವೈಟ್ ಅದರ ಕಾರ್ಯದರ್ಶಿ. ಸಂಘದ ಮುಂದಾಳು ಜೇಮ್ಸ್ ವೆಲ್ಡನ್ ಜಾನ್ಸನ್ ಈ ತರುಣನ ಚುರುಕನ್ನು ಕಂಡು ನ್ಯೂಯಾರ್ಕಿನ ಕಚೇರಿಗೆ ಕರೆಯಿಸಿಕೊಂಡರು. 1918ರ ಜನವರಿ 31ರಂದು ಅವರು ಸಹಾಯಕ ಕಾರ್ಯದರ್ಶಿಯಾಗಿ ಅಲ್ಲಿ ಸೇರಿದರು. ಎರಡು ವಾರ ಕಳೆಯುವುದರೊಳಗೆ ಟೆನೆಸ್ಸಿ ಸಂಸ್ಥಾನದ ಎಸ್ಟಿಲ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಜಿಮ್ ಮೆಕ್‌ಇಲ್‌ಹೆರಾನ್ ಎಂಬ ಕರಿಯನನ್ನು ಸರಪಣಿಯಲ್ಲಿ ಬಿಗಿದು, ಕಾದ ಕಬ್ಬಿಣದಿಂದ ಬರೆಯಿಟ್ಟು, ಜೀವಸಹಿತ ಸುಟ್ಟ ಸುದ್ದಿ ಬಂದಿತು. ತಾನು ಹೋಗಿ ವಿಚಾರಿಸಿಕೊಂಡು ಬರುವೆನೆಂದು ವೈಟ್ ಎದ್ದರು.

ನ್ಯಾಯಾಲಯದ ಗೊಡವೆಯಿಲ್ಲದೆ ಗುಂಪುಗೂಡಿ ಮನುಷ್ಯನನ್ನು ಕೊಲ್ಲುವ ಈ ಪದ್ಧತಿಗೆ ಆ ದೇಶದಲ್ಲಿ ಲಿಂಚಿಂಗ್ ಎಂದು ಹೆಸರು. ಟಸ್ಕೀಗಿ ವಿದ್ಯಾಸಂಸ್ಥೆಯವರು ಇಟ್ಟ ಲೆಕ್ಕದಂತೆ 1882ರಿಂದ 1968ರ ವರೆಗೆ ಹೀಗೆ ಸತ್ತವರು 4743 ಮಂದಿ. ಅವರಲ್ಲಿ 3446 ಮಂದಿ ಕರಿಯರು. ಕೊಂದವರು ಯಾರೆಂದು ಊರಿಗೆಲ್ಲ ತಿಳಿದಿರುತ್ತಿತ್ತು. ಪಂಚರ ತೀರ್ಮಾನ ಮಾತ್ರ ಯಾವಾಗಲೂ ಗುರುತಿಲ್ಲದವರ ಕೃತ್ಯವೆಂದೇ. ಕರಿಯನು ಹೋಗಿ ಕೇಳಿದರೆ ಅವನ ಹೆಣವೂ ಬೀಳುವುದು. ಉತ್ತರದ ಬಿಳಿಯನು ಕೇಳಿದರೆ ಯಾರೂ ಬಾಯಿ ಬಿಡರು. ವೈಟ್ ಅವರು ಊರೂರು ತಿರುಗುವ ವ್ಯಾಪಾರಿಯ ಸೋಗಿನಲ್ಲಿ ಅಂಗಡಿಯ ಒಲೆಯ ಮುಂದೆ ಕುಳಿತು, ಹವೆ, ಹತ್ತಿಯ ಬೆಲೆ, ಯುದ್ಧ ಎಂದು ಹರಟೆ ಹೊಡೆಯುವರು. ಕೊಲೆಯ ವಿಷಯದಲ್ಲಿ ಆಸಕ್ತಿಯನ್ನೇ ತೋರಿಸರು. ಆಗ ಕೇಳದೆಯೇ ಕೊಂದವರು ತಮ್ಮ ಪೌರುಷವನ್ನು ತಾವೇ ಬಣ್ಣಿಸುವರು. ವಿರಾಟನ ಆಸ್ಥಾನದಲ್ಲಿ ಪಾಂಡವರು ವೇಷ ಮರೆಸಿಕೊಂಡಿದ್ದರೆಂದು ನಾವು ಓದುತ್ತೇವೆ. ವೈಟ್ ಅವರಿಗೆ ವೇಷವೇ ಬೇಕಾಗಿರಲಿಲ್ಲ. ಹುಟ್ಟಿದ ಮುಖವೇ ಅವರ ಅಜ್ಞಾತವಾಸ. ತಾವು ತನಿಖೆ ಮಾಡಿದ ಲಿಂಚಿಂಗುಗಳು 41, ದೊಂಬಿಗಳು 8 ಎಂದು ಅವರೇ ಎಣಿಕೆ ಕೊಟ್ಟಿದ್ದಾರೆ.

1918ರ ಮೇ ತಿಂಗಳಲ್ಲಿ ಜಾರ್ಜಿಯಾದಲ್ಲಿ ಮೇರಿ ಟರ್ನರ್ ಎಂಬ ತುಂಬುಗರ್ಭಿಣಿಯನ್ನು, ಹಿಂದಿನ ದಿನ ಕೊಲೆಯಾದ ತನ್ನ ಗಂಡನು ನಿರಪರಾಧಿಯೆಂದಳೆಂಬ ಕಾರಣದಿಂದ ಕೊಂದ ರೀತಿಯನ್ನು ಈ ಅಂಕಣದಲ್ಲಿ ವಿವರಿಸುವುದಕ್ಕೆ ನಮಗೆ ಲೇಖನಿ ಬರುವುದಿಲ್ಲ. ವೈಟ್ ಅವರು ಹೋಗಿ, ಕೊಂದವರ ಹೆಸರುಗಳನ್ನು ಸಂಗ್ರಹಿಸಿ, ಅಲ್ಲಿಯ ಗವರ್ನರಿಗೆ ಒಪ್ಪಿಸಿದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಮರುವರ್ಷ ಅರ್ಕನ್ಸಾಸಿನ ಫಿಲಿಪ್ಸ್ ಕೌಂಟಿಯ ಇಲೇನ್ ಎಂಬಲ್ಲಿ, ಹತ್ತಿಯ ಬೆಲೆಯಲ್ಲಿ ತಮ್ಮ ನ್ಯಾಯವಾದ ಪಾಲು ಬರಬೇಕೆಂದು ಸಂಘ ಕಟ್ಟಿಕೊಂಡ ಕರಿಯ ಗೇಣಿದಾರರ ಮೇಲೆ ಭೂಮಾಲೀಕರ ಗುಂಪುಗಳೂ ಸೈನ್ಯವೂ ಬಿದ್ದವು. ಸತ್ತ ಬಿಳಿಯರು 5 ಮಂದಿ. ಕರಿಯರು ಸರ್ಕಾರದ ಲೆಕ್ಕದಲ್ಲಿ 25ರ ಆಸುಪಾಸು, ಇತರರ ಅಂದಾಜಿನಲ್ಲಿ ನೂರಾರು. ವೈಟ್ ಅವರು ಷಿಕಾಗೋ ನಗರದ ದಿನಪತ್ರಿಕೆಯೊಂದರ ಬಾತ್ಮೀದಾರನೆಂಬ ಪತ್ರ ಪಡೆದು ಗವರ್ನರ್ ಬ್ರೌ ಎಂಬಾತನನ್ನು ಕಂಡರು. ಉತ್ತರದ ಪತ್ರಿಕೆಯು ತಮ್ಮ ಪಕ್ಷವನ್ನು ಕೇಳಲು ಒಬ್ಬ ಜಾಣನನ್ನು ಕಳುಹಿಸಿತೆಂದು ಗವರ್ನರನು ಹಿಗ್ಗಿ, ಪರಿಚಯಪತ್ರವನ್ನೂ ರುಜು ಹಾಕಿದ ತನ್ನ ಭಾವಚಿತ್ರವನ್ನೂ ಕೊಟ್ಟು ಕಳುಹಿಸಿದನು. ಅಷ್ಟರಲ್ಲಿ ಹೇಗೋ ಗುಟ್ಟು ಹೊರಬಿದ್ದಿತು. ಹೆಲೆನಾ ಪಟ್ಟಣದ ಬೀದಿಯಲ್ಲಿ ಕರಿಯನೊಬ್ಬನು ಪಕ್ಕದಲ್ಲಿ ನಡೆಯುತ್ತ, ನಿಮ್ಮನ್ನು ಹಿಡಿಯಲು ಕಾಯುತ್ತಿದ್ದಾರೆಂದು ಮೆಲ್ಲಗೆ ಉಸುರಿದನು. ವೈಟ್ ಅವರು ಹಿಂದಿರುಗಿ ನೋಡದೆ ಸಿಕ್ಕಿದ ರೈಲನ್ನು ಹತ್ತಿದರು. ಗಾಡಿಯ ಕಂಡಕ್ಟರನು ಟಿಕೀಟಿನ ಹಣ ತೆಗೆದುಕೊಳ್ಳುತ್ತ, ಸ್ವಾಮಿ, ತಮಾಷೆ ಶುರುವಾಗುವ ಹೊತ್ತಿಗೇ ಹೊರಟಿರಿ, ಬಿಳಿಯನಂತೆ ನಟಿಸುವ ಕರಿಯನೊಬ್ಬನು ಊರೊಳಗಿದ್ದಾನೆ, ಅವನಿಗೆ ಇವತ್ತು ತಕ್ಕ ಪೂಜೆಯಾಗುತ್ತದೆ ಎಂಬರ್ಥದಲ್ಲಿ ಮರುಗಿದನಂತೆ. ಮರಣದಂಡನೆಗೆ ಗುರಿಯಾಗಿದ್ದ 12 ಮಂದಿ ಗೇಣಿದಾರರ ಪಕ್ಷವನ್ನು ಸಂಘವು ವಹಿಸಿತು. 1923ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುಂಪಿನ ಬೆದರಿಕೆಯಲ್ಲಿ ನಡೆದ ವಿಚಾರಣೆಯು ವಿಚಾರಣೆಯೇ ಅಲ್ಲವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಮುಂದೆ ಹನ್ನೆರಡು ಮಂದಿಗೂ ಬಿಡುಗಡೆಯಾಯಿತು.

1921ರಲ್ಲಿ ಓಕ್ಲಹೋಮಾದ ಟಲ್ಸಾ ಪಟ್ಟಣದಲ್ಲಿ ಕರಿಯರ ಮೊಹಲ್ಲಾ ಸುಟ್ಟುಹೋದ ದೊಂಬಿಯ ಸಂದರ್ಭದಲ್ಲಿ ಅವರನ್ನು ಬಿಳಿಯನೆಂದೇ ತಿಳಿದು ವಿಶೇಷ ಪೋಲೀಸಿಗೆ ಸೇರಿಸಿಕೊಂಡು ಪ್ರಮಾಣ ಮಾಡಿಸಿದರು; ಇನ್ನು ನೀನು ಯಾವ ಕರಿಯನನ್ನು ಸುಟ್ಟರೂ ಕಾಯಿದೆ ನಿನ್ನ ಬೆನ್ನಿಗಿದೆಯೆಂಬ ಅಭಯವನ್ನೂ ಕೊಟ್ಟರು. ಇದಕ್ಕೆ ಎರಡು ವರ್ಷ ಮುಂಚೆ ಷಿಕಾಗೋ ದೊಂಬಿಯಲ್ಲಿ ಕರಿಯನೊಬ್ಬನು ಅವರನ್ನು ಶತ್ರುವೆಂದು ಎಣಿಸಿ ಗುಂಡು ಹಾರಿಸಿದ್ದನು, ಗುರಿ ತಪ್ಪಿತು. ತಮ್ಮವರ ಗುಂಡಿಗೂ ಎದುರಾಳಿಯ ವಿಶ್ವಾಸಕ್ಕೂ ಒಂದೇ ಮೈ ಪಾತ್ರವಾಯಿತು!

ಬಣ್ಣದ ಶಾಸ್ತ್ರಿಗಳ ಪಾಂಡಿತ್ಯಕ್ಕೆ ಒಂದು ನಿದರ್ಶನವನ್ನು ಕೊಡದೆ ಮುಂದೆ ಹೋಗಲಾರೆವು. ರೈಲಿನಲ್ಲಿ ಸಹಪ್ರಯಾಣಿಕನಾಗಿದ್ದ ದಕ್ಷಿಣದ ಬಿಳಿಯನೊಬ್ಬನು, ಎಷ್ಟೇ ಬೆಳ್ಳಗಿರುವ ಕರಿಯನನ್ನಾಗಲಿ ತಾನು ಉಗುರು ನೋಡಿ ಕಂಡುಹಿಡಿಯಬಲ್ಲೆನೆಂದು ಜಂಭ ಕೊಚ್ಚಿ, ವೈಟ್ ಅವರ ಕೈಯನ್ನೇ ಹಿಡಿದುಕೊಂಡು, ನಿಮ್ಮಲ್ಲಿ ಕರಿಯ ರಕ್ತವಿದ್ದಿದ್ದರೆ ಇಗೋ ಇಲ್ಲಿ ಉಗುರಿನ ಬುಡದಲ್ಲಿ ಕಾಣಿಸಿಬಿಡುತ್ತಿದ್ದಿತು ಎಂದು ಬೆರಳಿಟ್ಟು ತೋರಿಸಿದನು. ವೈಟ್ ಅವರು ಶಿಷ್ಯಭಾವದಿಂದ ಕೇಳಿಸಿಕೊಂಡರು.

ನಗೆಯ ಪ್ರಸಂಗ ಅದಾದರೆ, ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ನಡೆದುದು ಬೇರೆ. ನೂಕುನುಗ್ಗಲಿನಲ್ಲಿ ವೈಟ್ ಅವರು ಹಿಂದೆ ಸರಿದಾಗ ಕರಿಯನೊಬ್ಬನ ಮೆರುಗಿಟ್ಟ ಬೂಟನ್ನು ತುಳಿದರು. ಆತನ ಮುಖ ಕಲ್ಲಾಯಿತು. ನೀವು ಬಿಳಿಯರು ಯಾವಾಗಲೂ ನಮ್ಮನ್ನು ತುಳಿಯುವವರೇ ಎಂದು ಸಿಡುಕಿದನು. ಅಷ್ಟರಲ್ಲಿ ಪರಿಚಿತರೊಬ್ಬರು ಬಂದು ವಾಷಿಂಗ್ಟನ್ನಿನ ಹೋರಾಟವೇನಾಯಿತೆಂದು ಕೇಳಲು, ತಾನು ಯಾರನ್ನು ಬೈದೆನೆಂಬುದು ಆತನಿಗೆ ತಿಳಿದು ಕ್ಷಮೆ ಬೇಡಿದನು. ಆ ಕ್ಷಮಾಪಣೆಯು ಅವರಿಗೆ ಸಮಾಧಾನವನ್ನು ಕೊಡಲಿಲ್ಲ. ತುಳಿದ ಕಾಲು ಅದೇ, ತುಳಿಸಿಕೊಂಡ ಕಾಲೂ ಅದೇ. ಬಣ್ಣದ ಭ್ರಾಂತಿಯೊಂದು ಹೋದ ಮಾತ್ರಕ್ಕೆ ದ್ವೇಷವು ಸ್ನೇಹವಾಗಿ ಮಾರ್ಪಟ್ಟಿತಲ್ಲವೆ?

1931ರಲ್ಲಿ ಅವರು ಸಂಘದ ಪ್ರಧಾನ ಕಾರ್ಯದರ್ಶಿಯಾದರು. ಆ ವರ್ಷವೇ ಅಟ್ಲಾಂಟಾದಲ್ಲಿ ಅವರ ವೃದ್ಧ ತಂದೆಯು ಬೀದಿ ದಾಟುತ್ತಿದ್ದಾಗ ಮೋಟಾರಿಗೆ ಸಿಕ್ಕಿದರು. ಗಾಡಿ ನಡೆಸುತ್ತಿದ್ದವನು ವೈದ್ಯನೇ. ಬಿಳಿಯ ಮುದುಕನೆಂದು ತಿಳಿದು ಸಾರ್ವಜನಿಕ ಆಸ್ಪತ್ರೆಯ ಬಿಳಿಯರ ವಿಭಾಗಕ್ಕೆ ಸಾಗಿಸಿದನು. ಅಲ್ಲಿ ಒಳ್ಳೆಯ ಉಪಚಾರ ನಡೆಯುತ್ತಿದ್ದಿತು. ಸುದ್ದಿ ತಿಳಿದು ಅಳಿಯನು ಹುಡುಕಿಕೊಂಡು ಬಂದನು. ಅಳಿಯನ ಮೈಬಣ್ಣ ಕಂದು. ಕ್ಷಣಮಾತ್ರದಲ್ಲಿ ಆಸ್ಪತ್ರೆಯವರಿಗೆ ರೋಗಿಯ ಜಾತಿ ಹೊಳೆಯಿತು. ಸಾಯುತ್ತಿದ್ದ ಮುದುಕನನ್ನು ಪರೀಕ್ಷೆಯ ಮೇಜಿನಿಂದ ಎತ್ತಿ, ಸುರಿಯುವ ಮಳೆಯಲ್ಲಿ ಬೀದಿಯಾಚೆಯ ಕರಿಯರ ಹಳೆಯ ವಿಭಾಗಕ್ಕೆ ಹೊತ್ತುಹಾಕಿದರು. ಅಲ್ಲಿಯೇ ಅವರು ತೀರಿಕೊಂಡರು. ಮುರಿದ ಎಲುಬು ಎರಡು ಕಟ್ಟಡಗಳಲ್ಲಿಯೂ ಅದೇ ಎಲುಬು. ಆ ವೃದ್ಧರ ಮೈಯಲ್ಲಿ ಬದಲಾದುದು ಏನೂ ಇಲ್ಲ. ನೋಡುವವರ ತಿಳಿವಳಿಕೆಯೊಂದು ಬದಲಾಯಿತು.

ಕಾರ್ಯದರ್ಶಿಯಾಗಿ ಅವರು ಮಾಡಿದ ಕೆಲಸವು ಬಹಳ, ಸಂಕ್ಷೇಪವಾಗಿ ಹೇಳುತ್ತೇವೆ. 1930ರಲ್ಲಿ ಅಧ್ಯಕ್ಷ ಹೂವರ್ ಸರ್ವೋಚ್ಚ ನ್ಯಾಯಾಲಯಕ್ಕೆ ನೇಮಿಸಹೊರಟ ಪಾರ್ಕರ್ ಎಂಬ ನ್ಯಾಯಾಧೀಶನು ಕರಿಯರ ಮತದಾನದ ವಿರೋಧಿಯೆಂದು ಹುಯ್ಯಲೆಬ್ಬಿಸಿ, ಕಾರ್ಮಿಕ ಸಂಘಗಳ ವಿರೋಧವೂ ಕೂಡಿಬರಲು, ಸೆನೆಟ್ಟಿನಲ್ಲಿ 41ಕ್ಕೆ 39 ಮತಗಳಿಂದ ನೇಮಕವು ಬಿದ್ದುಹೋಗುವಂತೆ ಮಾಡಿದರು. ಲಿಂಚಿಂಗಿನ ವಿರುದ್ಧ ಒಕ್ಕೂಟದ ಕಾಯಿದೆಯಾಗಬೇಕೆಂದು 1934ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರನ್ನು ಅವರ ಪತ್ನಿಯ ಸಹಾಯದಿಂದ ಕಂಡು ವಾದಿಸಿದರು. ಅಧ್ಯಕ್ಷರು ಸಹಾನುಭೂತಿ ತೋರಿದರು. ಆದರೆ ಸಮಿತಿಗಳೆಲ್ಲ ದಕ್ಷಿಣದವರ ಕೈಯಲ್ಲಿರುವುದರಿಂದ ತಮ್ಮ ಮಿಕ್ಕ ಮಸೂದೆಗಳು ನಿಂತುಹೋಗುವುವೆಂದು ಬಹಿರಂಗ ಬೆಂಬಲಕ್ಕೆ ಹಿಂಜರಿದರು. 1938ರಲ್ಲಿ ಮಸೂದೆ ಮತ್ತೆ ಬಂದಾಗ ದಕ್ಷಿಣದ ಸೆನೆಟರರು ವಾರಗಟ್ಟಲೆ ಮಾತನಾಡಿಯೇ ಅದನ್ನು ಕೊಂದರು. ದಕ್ಷಿಣ ಕ್ಯಾರೊಲಿನಾದ ಬರ್ನ್ಸ್ ಎಂಬವರು ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ವೈಟ್ ಅವರ ಕಡೆಗೆ ಕೈತೋರಿಸಿ, ಈ ಒಬ್ಬ ಮನುಷ್ಯನ ಮಾತಿಗೆ ಪಕ್ಷವೇ ಕುಣಿಯುತ್ತಿದೆಯೆಂದು ಹಳಿದರು. ಚಾರ್ಲ್ಸ್ ಹ್ಯೂಸ್ಟನ್, ಥರ್ಗುಡ್ ಮಾರ್ಷಲ್ ಎಂಬ ಇಬ್ಬರು ಸಮರ್ಥ ವಕೀಲರನ್ನು ಸಂಘಕ್ಕೆ ತಂದ ಕೀರ್ತಿಯಲ್ಲಿ ವೈಟ್ ಅವರಿಗೂ ಪಾಲುಂಟು. ಇವರ ದೀರ್ಘ ಪ್ರಯತ್ನದ ಫಲವಾಗಿ 1954ರ ಮೇ 17ರಂದು ಶಾಲೆಗಳಲ್ಲಿ ವರ್ಣಭೇದವು ಕಾಯಿದೆಗೆ ವಿರುದ್ಧವೆಂಬ ತೀರ್ಪಾಯಿತು. ಅದನ್ನು ನೋಡುವವರೆಗೆ ಅವರು ಬದುಕಿದ್ದರು.

ಭಾರತೀಯರಾದ ನಾವು ಮತ್ತೊಂದನ್ನು ನೆನೆಯಬೇಕು. 1942ರಲ್ಲಿ ನಮ್ಮ ದೇಶದ ಸ್ವಾತಂತ್ರ್ಯದ ಪ್ರಶ್ನೆಯನ್ನು ಅವರು ರೂಸ್‌ವೆಲ್ಟರ ಮುಂದಿಟ್ಟು, ಏಷ್ಯದ ಜನರಿಗೆ ಸ್ವಾತಂತ್ರ್ಯವನ್ನು ನಿರಾಕರಿಸಿಕೊಂಡು ಪ್ರಜಾಪ್ರಭುತ್ವದ ಹೆಸರಿನಲ್ಲಿ ಯುದ್ಧ ಮಾಡುವುದು ಸಲ್ಲದೆಂದು ವಾದಿಸಿದರು. 1949ರ ವಿಶ್ವಪ್ರವಾಸದಲ್ಲಿ ದೆಹಲಿಗೂ ಬಂದಿದ್ದರು.

ತಮ್ಮವರಿಂದಲೂ ಅವರಿಗೆ ಪೆಟ್ಟು ತಪ್ಪಲಿಲ್ಲ. ಮಹಾಪಂಡಿತರಾದ ಡು ಬಾಯ್ಸ್ ಅವರು 1934ರಲ್ಲಿ ಸಂಘವನ್ನು ಬಿಟ್ಟಾಗ, ವೈಟ್ ಅವರಿಗೆ ಎಲ್ಲ ಬಾಗಿಲೂ ತೆರೆದಿರುವುದರಿಂದ ಕರಿಯ ಮೈಯವನ ದಿನನಿತ್ಯದ ಅಪಮಾನವು ತಿಳಿಯದೆಂಬ ಅರ್ಥದಲ್ಲಿ ಬರೆದರು. ಈ ಮಾತು ಕಹಿಯಾದರೂ ಪೂರ್ತಿ ಸುಳ್ಳಲ್ಲ. ಹೋಟೆಲಿನ ಬಾಗಿಲಲ್ಲಿ ತಡೆಯಿಸಿಕೊಳ್ಳುವ ಅನುಭವ ಅವರಿಗೆ ದಿನದಿನವೂ ಆಗುತ್ತಿರಲಿಲ್ಲ. ಆದರೆ ಒಳಗೆ ಬಿಟ್ಟವರ ಮಧ್ಯೆ ಕುಳಿತು ತನ್ನವರ ಕೊಲೆಯ ಕಥೆಯನ್ನು ನಗುಮುಖದಿಂದ ಕೇಳಬೇಕಾದ ಅನುಭವವು ಡು ಬಾಯ್ಸ್ ಅವರಿಗೆ ಆಗುವಂತಿರಲಿಲ್ಲ.

1949ರಲ್ಲಿ ಅವರು 27 ವರ್ಷ ಬಾಳಿದ ಹೆಂಡತಿ ಗ್ಲ್ಯಾಡಿಸ್ ಅವರಿಂದ ವಿಚ್ಛೇದನ ಪಡೆದು, ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಬಿಳಿಯ ಲೇಖಕಿ ಪಾಪಿ ಕ್ಯಾನನ್ ಅವರನ್ನು ಮದುವೆಯಾದರು. ಕರಿಯರ ಪತ್ರಿಕೆಗಳು ಇದು ಕೊನೆಗೂ ದಾಟಿಹೋಗುವ ಹವಣಿಕೆಯೆಂದವು. ದಕ್ಷಿಣದ ಬಿಳಿಯರು ಹಕ್ಕಿನ ಹೋರಾಟದ ಉದ್ದೇಶವೆಲ್ಲ ಇದೇ ಎಂದು ನಾವು ಮೊದಲೇ ಹೇಳಿರಲಿಲ್ಲವೆ ಎಂದರು. ನೋಡುವ ಕಣ್ಣಿಗೆ ಬಿಳಿಯನೊಬ್ಬನು ಬಿಳಿಯಳನ್ನು ಮದುವೆಯಾದಂತಿತ್ತು. ಎರಡು ಜನಾಂಗಗಳೂ ಕಣ್ಣನ್ನು ನಂಬದೆ ವಂಶಾವಳಿಯನ್ನು ನಂಬಿ ಕೆರಳಿದವು. ಅದೇ ವರ್ಷ ಚರ್ಮವನ್ನು ಬೆಳ್ಳಗೆ ಮಾಡುವ ರಾಸಾಯನಿಕವೊಂದನ್ನು ಕುರಿತು, ವರ್ಣಭೇದಕ್ಕೆ ವಿಜ್ಞಾನವು ಮದ್ದು ಕಂಡುಹಿಡಿಯಿತೇ ಎಂಬಂತೆ ಪಾಕ್ಷಿಕ ಪತ್ರಿಕೆಯೊಂದರಲ್ಲಿ ಅವರು ಲೇಖನ ಬರೆದರು. ಇದನ್ನು ನಾವು ಸಮರ್ಥಿಸಲಾರೆವು. ಬೆಳ್ಳಗಿದ್ದೂ ಕರಿಯನಾಗಿ ನಿಂತು ಜೀವಮಾನ ಸವೆಸಿದವರು, ಕರಿಯರು ಬೆಳ್ಳಗಾಗುವ ಉಪಾಯವನ್ನು ಹೊಗಳಿದರೆಂಬಂತೆ ತೋರಿದುದು ಅವರ ಅತ್ಯಂತ ಹತ್ತಿರದ ಮಿತ್ರರನ್ನೂ ನೋಯಿಸಿತು. ರಾಜೀನಾಮೆಯ ಕೂಗೆದ್ದಿತು. ಹೃದ್ರೋಗವೂ ಇದ್ದಿತು. ಒಂದು ವರ್ಷದ ರಜೆಯ ಮೇಲೆ ಹೋಗಿ, ಹಿಂದಿರುಗಿದಾಗ ಅವರ ಅಧಿಕಾರದ ಬಹುಭಾಗವು ರಾಯ್ ವಿಲ್ಕಿನ್ಸ್ ಅವರ ಕೈಗೆ ಹೋಗಿದ್ದಿತು. ಮಗನು ತಂದೆಯ ಹೆಸರನ್ನೇ ತೊರೆದು ಬೇರೆ ಹೆಸರಿಟ್ಟುಕೊಂಡನು.

ಅವರು ಕಾಲವಾದಾಗ ಅಂತ್ಯಸಂಸ್ಕಾರವು ಕರಿಯರ ಹಾರ್ಲೆಮ್ ಮೊಹಲ್ಲಾದ ಸಂತ ಮಾರ್ಟಿನ್ನರ ದೇವಾಲಯದಲ್ಲಿ ನಡೆಯಿತು. 2009ರಲ್ಲಿ ಅಮೆರಿಕದ ಅಂಚೆಯ ಇಲಾಖೆಯು ಈ ಅಂಚೆಯವನ ಮಗನ ಮುಖವನ್ನು ಚಾರ್ಲ್ಸ್ ಹ್ಯೂಸ್ಟನ್ನರ ಮುಖದ ಜೊತೆಯಲ್ಲಿ ಚೀಟಿಯ ಮೇಲೆ ಅಚ್ಚುಹಾಕಿತು. ಅವರು ಕೇಳಿದ ಲಿಂಚಿಂಗ್ ವಿರೋಧಿ ಕಾಯಿದೆಗೆ ಅಧ್ಯಕ್ಷರ ರುಜು ಬಿದ್ದದ್ದು 2022ನೆಯ ಮಾರ್ಚಿ 29ರಂದು.